ಕಡಲಾಳದಲ್ಲಿ ನೆಲೆ ಗುರುತಿಸುವವರು: ಜಲಾಂತರ್ಗತ ರೋಬೋಟ್ ಎಂಜಿನಿಯರರ ಕಾಯಕ

ಸಂಶೋಧನಾ ನೌಕೆಯಿಂದ ಇಳಿದ ರೋಬೋಟೊಂದು ಸಾವಿರಾರು ಮೀಟರ್ ಆಳದಿಂದ ಕಲ್ಲಿನ ಚೂರನ್ನು ಹೆಕ್ಕಿ ತಂದಾಗ ಭೂವಿಜ್ಞಾನಿ ಕೇಳುವ ಮೊದಲ ಪ್ರಶ್ನೆ, ಅದು ಸಿಕ್ಕಿದ್ದು ಎಲ್ಲಿ ಎಂಬುದು. ಸ್ಥಳ ತಿಳಿಯದ ಕಲ್ಲಿಗೆ ಪ್ರಯೋಗಾಲಯದಲ್ಲಿ ಹೆಚ್ಚಿನ ಬೆಲೆಯಿಲ್ಲ. ಈ ಪ್ರಶ್ನೆಗೆ ಉತ್ತರಿಸುವ ಹೊಣೆ ನೌಕೆಯಲ್ಲಿರುವ ನ್ಯಾವಿಗೇಶನ್ ಎಂಜಿನಿಯರರದು. ರೋಬೋಟನ್ನು ಸಜ್ಜುಗೊಳಿಸುವುದು, ದುರಸ್ತಿ ಮಾಡುವುದು, ನೀರಿಗಿಳಿಸಿ ಮರಳಿ ಮೇಲೆತ್ತುವುದು ಕೂಡ ಬಹುಮಟ್ಟಿಗೆ ಇವರ ತಂಡದ ಪಾಲಿಗೇ ಬರುತ್ತದೆ.

ನೆಲದ ಮೇಲೆ ದಾರಿ ತೋರುವ ಜಿ.ಪಿ.ಎಸ್. ಇಲ್ಲಿ ನಿರುಪಯುಕ್ತ. ಉಪಗ್ರಹದ ರೇಡಿಯೋ ತರಂಗಗಳನ್ನು ಉಪ್ಪುನೀರು ಮೇಲ್ಪದರದಲ್ಲೇ ಹೀರಿಬಿಡುತ್ತದೆ. ದೂರ ಸಾಗಬಲ್ಲದ್ದು ಶಬ್ದ ಮಾತ್ರ. ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 6,000 ಮೀಟರ್ ಆಳದಲ್ಲಿರುವ ಯಂತ್ರಕ್ಕೆ ಸಂಕೇತ ಕಳುಹಿಸಿದರೆ ಮರುತ್ತರಕ್ಕೆ 8 ಸೆಕೆಂಡು ಕಾಯಬೇಕು. ತಾಪಮಾನ, ಲವಣಾಂಶ, ಒತ್ತಡ ಬದಲಾದಂತೆ ಈ ವೇಗವೂ ಬದಲಾಗುವುದರಿಂದ, ಆಯಾ ಸ್ಥಳದ ನೀರನ್ನು ಮೇಲಿನಿಂದ ತಳದವರೆಗೆ ಮೊದಲೇ ಅಳೆದುಕೊಳ್ಳುವುದು ಅನಿವಾರ್ಯ.

ಹಳೆಯದಾದರೂ ನಂಬಬಹುದಾದ ವಿಧಾನವೆಂದರೆ ಸಮುದ್ರತಳದಲ್ಲಿ ಟ್ರಾನ್ಸ್‌ಪಾಂಡರ್‌ಗಳನ್ನು ಇರಿಸುವುದು. ಭಾರ ಕಟ್ಟಿ ಹಡಗಿನಿಂದ ಬಿಟ್ಟ ಈ ಉಪಕರಣ ಪ್ರವಾಹಕ್ಕೆ ಸಿಕ್ಕಿ ಅತ್ತಿತ್ತ ಸರಿದು ಎಲ್ಲೋ ಕೂರುತ್ತದೆ. ಅದು ಕೂತ ಜಾಗ ತಿಳಿಯಲು ಹಡಗು ಸುತ್ತಲೂ ತಿರುಗುತ್ತ ಗಂಟೆಗಟ್ಟಲೆ ಅದರೊಡನೆ ಶಬ್ದಸಂಕೇತ ವಿನಿಮಯ ಮಾಡಿಕೊಳ್ಳಬೇಕು. ಹಡಗಿನ ಒಂದೊಂದು ದಿನವೂ ದುಬಾರಿಯಾದ್ದರಿಂದ ವಿಜ್ಞಾನಿಗಳಿಗೆ ಈ ಕಾಯುವಿಕೆ ಅಷ್ಟಾಗಿ ಹಿಡಿಸದು. ಆದರೆ ಇಲ್ಲಿ ಆತುರಪಟ್ಟರೆ ಮುಂದೆ ಇಡೀ ನಕ್ಷೆಯೇ ತಪ್ಪುತ್ತದೆ. ಬಳಿಕ ರೋಬೋಟ್ ಪ್ರತಿ ಟ್ರಾನ್ಸ್‌ಪಾಂಡರ್‌ನಿಂದ ತನಗಿರುವ ದೂರವನ್ನು ಅಳೆದು ನೆಲೆ ಕಂಡುಕೊಳ್ಳುತ್ತದೆ. ಶಬ್ದ ಕೆಲವೊಮ್ಮೆ ನೇರವಾಗಿ ಬಾರದೆ ನೀರಿನ ಮೇಲ್ಮೈಗೋ ಬಂಡೆಗೋ ಬಡಿದು ತಡವಾಗಿ ತಲುಪುತ್ತದೆ. ಪರದೆಯ ಮೇಲಿನ ಚುಕ್ಕೆಗಳಲ್ಲಿ ನಿಜ ಯಾವುದು, ಹುಸಿ ಯಾವುದು ಎಂದು ವಿಂಗಡಿಸುವುದರಲ್ಲೇ ಎಂಜಿನಿಯರರ ಅನುಭವದ ಪರೀಕ್ಷೆ.

ಡಾಪ್ಲರ್ ವೇಗಮಾಪಕ ಮತ್ತು ಗೈರೋಸ್ಕೋಪ್ ಅಳವಡಿಸಿದ ಯಂತ್ರಗಳು, ಯಾವ ದಿಕ್ಕಿಗೆ ಎಷ್ಟು ದೂರ ಸಾಗಿದ್ದೇವೆಂಬ ಲೆಕ್ಕವನ್ನು ತಾವೇ ಇಡುತ್ತವೆ. ಆದರೆ ವೇಗಮಾಪಕದ ಶಬ್ದ ನೆಲಕ್ಕೆ ಎಟುಕುವುದು ತಳದ ಸಮೀಪ ಬಂದ ಮೇಲಷ್ಟೇ. ಅದಕ್ಕೆ ಮುನ್ನ, ಗಂಟೆಗಟ್ಟಲೆ ಇಳಿಯುವ ಹಾದಿಯಲ್ಲಿ ಪ್ರವಾಹ ಎತ್ತ ಒಯ್ಯಿತೆಂಬುದನ್ನು ಹೊರಗಿನಿಂದಲೇ ತಿಳಿಸಬೇಕು.

ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ 'ಜೇಸನ್' ಕೇಬಲ್ ಮೂಲಕ ಹಡಗಿಗೆ ಜೋಡಣೆಯಾದ ರೋಬೋಟ್. ಅದು ನೀರಿನಲ್ಲಿರುವಷ್ಟು ಹೊತ್ತೂ ಪೈಲಟ್, ಎಂಜಿನಿಯರ್, ನ್ಯಾವಿಗೇಟರ್ ಮೂವರು ಪಾಳಿಯ ಮೇಲೆ ಹಗಲಿರುಳು ನಿಯಂತ್ರಣ ಕೊಠಡಿಯಲ್ಲಿರುತ್ತಾರೆ. ರೋಬೋಟ್ ಸರಿದಂತೆ ಹಡಗನ್ನೂ ಸರಿಸಲು ಸೂಚನೆ ನೀಡುವುದು ನ್ಯಾವಿಗೇಟರ್ ಕೆಲಸ.

ಕೈತಪ್ಪಿದ ಉದಾಹರಣೆಗಳೂ ಕಡಿಮೆಯಿಲ್ಲ. 1995ರಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದ್ದ ಜಪಾನಿನ 'ಕೈಕೊ' 2003ರಲ್ಲಿ ಕೇಬಲ್ ತುಂಡಾಗಿ ಕಣ್ಮರೆಯಾಯಿತು. ವುಡ್ಸ್ ಹೋಲ್‌ನ ಸ್ವಯಂಚಾಲಿತ ರೋಬೋಟ್ 'ಎ.ಬಿ.ಇ.' 2010ರ ಮಾರ್ಚ್‌ನಲ್ಲಿ ಚಿಲಿ ಕರಾವಳಿಯಾಚೆ 222ನೇ ಬಾರಿ ಮುಳುಗಿದ್ದು ಮರಳಲಿಲ್ಲ. 2009ರಲ್ಲಿ 10,902 ಮೀಟರ್ ಆಳಕ್ಕಿಳಿದು ಹೆಸರಾದ ಅದೇ ಸಂಸ್ಥೆಯ 'ನೆರಿಯಸ್', 2014ರ ಮೇ 10ರಂದು ನ್ಯೂಜಿಲೆಂಡ್ ಸಮೀಪದ ಕೆರ್ಮಡೆಕ್ ಕಂದಕದಲ್ಲಿ ಸುಮಾರು 9,900 ಮೀಟರ್ ಆಳದಲ್ಲಿ ನಾಶವಾಯಿತು. ಮೇಲೆ ತೇಲಿಬಂದ ಚೂರುಗಳೇ ಅದರ ಗತಿಯನ್ನು ತಿಳಿಸಿದವು.

ಇಂಥ ಕೌಶಲದ ಅಗತ್ಯ ವಿಜ್ಞಾನಕ್ಕಷ್ಟೇ ಸೀಮಿತವಲ್ಲ. 2009ರ ಜೂನ್ 1ರಂದು 228 ಜನರೊಡನೆ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ ವಿಮಾನದ ಅವಶೇಷಗಳು ಪತ್ತೆಯಾದದ್ದು 2011ರ ಏಪ್ರಿಲ್‌ನಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ. ಸಾಲು ಸಾಲಾಗಿ ತಳವನ್ನು ಶೋಧಿಸಿದ 'ರೀಮಸ್ 6000' ರೋಬೋಟ್‌ಗಳು ಅವನ್ನು ಕಂಡುಹಿಡಿದವು. ಒಂದು ಸಾಲಿಗೂ ಮುಂದಿನದಕ್ಕೂ ನಡುವೆ ಜಾಗ ಬಿಟ್ಟುಹೋಗದಂತೆ ನಡೆಸಬೇಕಾದ ಈ ಶೋಧ, ನೆಲೆಯ ಲೆಕ್ಕ ತಪ್ಪಿದರೆ ವ್ಯರ್ಥ.

ಭಾರತದಲ್ಲಿ ಈ ಕಾರ್ಯದ ಕೇಂದ್ರ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. ಅದರ 'ರೋಸಬ್ 6000' ರೋಬೋಟ್ 2010ರಲ್ಲಿ ಹಿಂದೂ ಮಹಾಸಾಗರದ ಮಧ್ಯಭಾಗದಲ್ಲಿ 5,289 ಮೀಟರ್ ಆಳ ತಲುಪಿತ್ತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಉದ್ದೇಶದ 'ಮತ್ಸ್ಯ 6000' ನೌಕೆಯ ಹಿಂದಿರುವುದೂ ಇದೇ ಸಂಸ್ಥೆ. ಕಡಲಾಳದಲ್ಲಿ ಅದರೊಳಗಿನವರಿಗೂ ಮೇಲಿನ ಹಡಗಿಗೂ ಇರುವ ಕೊಂಡಿಯೂ ಶಬ್ದವೇ.