ಎಂಬಿಬಿಎಸ್ ರೋಗಶಾಸ್ತ್ರ ಪಠ್ಯಕ್ರಮ

ಎಂಬಿಬಿಎಸ್ ರೋಗಶಾಸ್ತ್ರ ಪಠ್ಯಕ್ರಮವು ಭಾರತದ ವೈದ್ಯಕೀಯ ಪದವಿ ವಿದ್ಯಾರ್ಥಿಗಳಿಗೆ ವ್ಯಾಸಂಗದ ಎರಡನೆಯ ಹಂತದಲ್ಲಿ ಬೋಧಿಸುವ ರೋಗಶಾಸ್ತ್ರ ವಿಷಯದ ಗುರಿ, ಬೋಧನಾ ವಿಧಾನ ಮತ್ತು ಮೌಲ್ಯಮಾಪನಗಳನ್ನು ಒಳಗೊಂಡ ಯೋಜನೆಯಾಗಿದೆ. ರೋಗದ ಕಾರಣ, ಅದು ಬೆಳೆಯುವ ಬಗೆ, ಜೀವಕೋಶ ಮತ್ತು ಅಂಗಾಂಶಗಳಲ್ಲಿ ಉಂಟಾಗುವ ಬದಲಾವಣೆ ಹಾಗೂ ಅದರ ಪರಿಣಾಮವಾಗಿ ಕಾಣಿಸಿಕೊಳ್ಳುವ ಲಕ್ಷಣಗಳನ್ನು ಈ ವಿಷಯವು ವಿವರಿಸುತ್ತದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರಗಳನ್ನು ಕಲಿತ ವಿದ್ಯಾರ್ಥಿಯು ರೋಗಿಯ ಹಾಸಿಗೆಯ ಬಳಿಗೆ ಬರುವ ಮುನ್ನ ದಾಟುವ ಸೇತುವೆ ಎಂದು ಇದನ್ನು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಇಟಲಿಯ ಜೊವಾನಿ ಮೊರ್ಗಾನಿ 1761ರಲ್ಲಿ ಪ್ರಕಟಿಸಿದ ಗ್ರಂಥವು ಶವಪರೀಕ್ಷೆಯಲ್ಲಿ ಕಂಡ ಅಂಗಗಳ ವಿಕೃತಿಗಳನ್ನು ರೋಗಿಯ ಲಕ್ಷಣಗಳೊಂದಿಗೆ ಜೋಡಿಸಿತು. ಜರ್ಮನಿಯ ರುಡಾಲ್ಫ್ ವಿರ್ಚೊ 1858ರಲ್ಲಿ ರೋಗದ ಮೂಲವನ್ನು ಜೀವಕೋಶದಲ್ಲಿ ಹುಡುಕಬೇಕೆಂಬ ವಾದವನ್ನು ಮಂಡಿಸಿದನು. ಈ ಎರಡು ದೃಷ್ಟಿಗಳಿಂದ ಶವಪರೀಕ್ಷೆ, ಅಂಗಗಳ ಮಾದರಿ ಮತ್ತು ಸೂಕ್ಷ್ಮದರ್ಶಕದ ಸ್ಲೈಡ್ ರೋಗಶಾಸ್ತ್ರ ಬೋಧನೆಯ ಮುಖ್ಯ ಸಾಧನಗಳಾದವು. ಭಾರತದ ವೈದ್ಯಕೀಯ ಕಾಲೇಜುಗಳು ಇದೇ ಕ್ರಮವನ್ನು ಅನುಸರಿಸಿದವು.

ಹುಬ್ಬಳ್ಳಿ-ಧಾರವಾಡದಲ್ಲಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿ ಸ್ಥಾಪನೆಯಾಯಿತು. ದೀರ್ಘಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದ್ದ ಈ ಕಾಲೇಜು, 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದ ನಂತರ ಅದರ ವ್ಯಾಪ್ತಿಗೆ ಬಂದಿತು. ಜನರು ಇದನ್ನು ಇಂದಿಗೂ ಕಿಮ್ಸ್ ಎಂದೇ ಕರೆಯುತ್ತಾರೆ.

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೋಗುವ ರಸ್ತೆಯಲ್ಲಿ ನವನಗರ ಮತ್ತು ರಾಯಾಪುರಗಳನ್ನು ದಾಟಿದ ಮೇಲೆ ಸಿಗುವ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಕಾಲೇಜು 2003ರಲ್ಲಿ ಆರಂಭವಾಯಿತು. ಈ ಸಂಸ್ಥೆಯು ನಂತರ ತನ್ನದೇ ವಿಶ್ವವಿದ್ಯಾಲಯದ ಭಾಗವಾಯಿತು. ಹೀಗಾಗಿ ಅವಳಿನಗರದ ಈ ಎರಡು ಕಾಲೇಜುಗಳಿಗೆ ರಾಷ್ಟ್ರೀಯ ಪಠ್ಯಕ್ರಮ ಒಂದೇ ಆಗಿದ್ದರೂ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳು ಬೇರೆ ಬೇರೆಯಾಗಿವೆ.

ಅವಧಿ ಮತ್ತು ಸ್ವರೂಪ

ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿಯಂತೆ ಎರಡನೆಯ ಹಂತವು 18 ತಿಂಗಳದ್ದಾಗಿದ್ದು, ರೋಗಶಾಸ್ತ್ರಕ್ಕೆ 300 ಗಂಟೆಗಳು ದೊರೆಯುತ್ತಿದ್ದವು. 2019-20ರಲ್ಲಿ ಸೇರಿದ ತಂಡದಿಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಜಾರಿಗೆ ಬಂದಿತು. ಇದರಲ್ಲಿ ಎರಡನೆಯ ಹಂತವನ್ನು 12 ತಿಂಗಳಿಗೆ ಇಳಿಸಲಾಯಿತು. 2019ರ ಆ ಪಠ್ಯಕ್ರಮದಲ್ಲಿ ರೋಗಶಾಸ್ತ್ರಕ್ಕೆ ನಿಗದಿಯಾಗಿದ್ದ 230 ಗಂಟೆಗಳ ಹಂಚಿಕೆ ಹೀಗಿತ್ತು:

• ಉಪನ್ಯಾಸ: 80 ಗಂಟೆ
• ಸಣ್ಣ ಗುಂಪಿನ ಬೋಧನೆ, ಪ್ರಾಯೋಗಿಕ ತರಗತಿ ಮತ್ತು ಸಂಯೋಜಿತ ಕಲಿಕೆ: 138 ಗಂಟೆ
• ಸ್ವಯಂ ನಿರ್ದೇಶಿತ ಕಲಿಕೆ: 12 ಗಂಟೆ

ಒಟ್ಟು ಅವಧಿ ಕಡಿಮೆಯಾದರೂ ವಿಷಯದ ವ್ಯಾಪ್ತಿ ಅದೇ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ಜೀವಕೋಶದ ಹಾನಿ, ಉರಿಯೂತ, ರಕ್ತಪರಿಚಲನೆಯ ದೋಷ ಮತ್ತು ಗೆಡ್ಡೆಗಳನ್ನು ಒಳಗೊಂಡ ಸಾಮಾನ್ಯ ರೋಗಶಾಸ್ತ್ರ, ರಕ್ತಶಾಸ್ತ್ರ ಹಾಗೂ ಒಂದೊಂದು ಅಂಗದ ರೋಗಗಳನ್ನು ವಿವರಿಸುವ ವಿಭಾಗಗಳು ಎಂದಿನಂತೆಯೇ ಇವೆ. ಆದ್ದರಿಂದ ಯಾವುದನ್ನು ಎಲ್ಲ ವಿದ್ಯಾರ್ಥಿಗಳೂ ಕಲಿಯಲೇಬೇಕು, ಯಾವುದನ್ನು ತಿಳಿದರೆ ಒಳ್ಳೆಯದು ಎಂಬ ವಿಂಗಡಣೆಯೇ ಪಠ್ಯಕ್ರಮ ವಿನ್ಯಾಸದ ಮುಖ್ಯ ಪ್ರಶ್ನೆಯಾಗಿದೆ.

ವಿನ್ಯಾಸ

ಅಮೆರಿಕದ ಡೇವಿಡ್ ಕರ್ನ್ ಮತ್ತು ಸಹಲೇಖಕರು ರೂಪಿಸಿದ ಆರು ಹಂತಗಳ ಮಾದರಿಯು ವೈದ್ಯಕೀಯ ಶಿಕ್ಷಣದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಸಮಸ್ಯೆಯನ್ನು ಗುರುತಿಸುವುದು, ಕಲಿಯುವವರ ಅಗತ್ಯವನ್ನು ಅರಿಯುವುದು, ಗುರಿಗಳನ್ನು ಬರೆಯುವುದು, ಬೋಧನಾ ವಿಧಾನವನ್ನು ಆರಿಸುವುದು, ಜಾರಿಗೊಳಿಸುವುದು ಮತ್ತು ಫಲಿತಾಂಶವನ್ನು ಪರಿಶೀಲಿಸುವುದು ಆ ಹಂತಗಳಾಗಿವೆ.

ರೋಗಶಾಸ್ತ್ರದ ತರಗತಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ರೋಗಶಾಸ್ತ್ರಜ್ಞರಾಗುವುದಿಲ್ಲ. ಆದರೆ ಎಲ್ಲ ವೈದ್ಯರೂ ಸರಿಯಾದ ಪರೀಕ್ಷೆಯನ್ನು ಕೇಳಬೇಕು, ಬಯಾಪ್ಸಿ ಮಾದರಿಯನ್ನು ಕೆಡದಂತೆ ಫಾರ್ಮಲಿನ್‌ನಲ್ಲಿಟ್ಟು ಕಳುಹಿಸಬೇಕು, ಬಂದ ವರದಿಯನ್ನು ಅರ್ಥಮಾಡಿಕೊಳ್ಳಬೇಕು. ಈ ಕಾರಣದಿಂದ ಅಪರೂಪದ ಗೆಡ್ಡೆಗಳ ವರ್ಗೀಕರಣಕ್ಕಿಂತ ರಕ್ತಹೀನತೆ, ಕ್ಷಯ, ಹೃದಯಾಘಾತ, ಮಧುಮೇಹ ಮತ್ತು ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರ್‌ನಂತಹ ಸಾಮಾನ್ಯ ರೋಗಗಳಿಗೆ ಆದ್ಯತೆ ನೀಡುವುದು ಸೂಕ್ತವಾಗುತ್ತದೆ.

ಗುರಿ, ಬೋಧನೆ ಮತ್ತು ಪರೀಕ್ಷೆಗಳ ನಡುವೆ ಹೊಂದಾಣಿಕೆ ಇರಬೇಕೆಂಬ ತತ್ತ್ವವನ್ನು ಜಾನ್ ಬಿಗ್ಸ್ 1996ರಲ್ಲಿ ಪ್ರತಿಪಾದಿಸಿದರು. ಉದಾಹರಣೆಗೆ, ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆಯನ್ನು ರಕ್ತಲೇಪದಲ್ಲಿ ಗುರುತಿಸುವುದು ಗುರಿಯಾಗಿದ್ದರೆ, ವಿದ್ಯಾರ್ಥಿಯು ಸೂಕ್ಷ್ಮದರ್ಶಕದಡಿ ಚಿಕ್ಕದಾದ, ನಡುವೆ ಬಿಳಿಚಿಕೊಂಡ ಕೆಂಪು ರಕ್ತಕಣಗಳನ್ನು ಹಲವು ಬಾರಿ ನೋಡಿರಬೇಕು. ಪರೀಕ್ಷೆಯಲ್ಲಿಯೂ ಅಂತಹ ಲೇಪವನ್ನೇ ಕೊಡಬೇಕು. ಉಪನ್ಯಾಸದಲ್ಲಿ ಪಟ್ಟಿಯನ್ನು ಹೇಳಿ, ಪರೀಕ್ಷೆಯಲ್ಲಿ ಕಿರುಟಿಪ್ಪಣಿಯನ್ನು ಮಾತ್ರ ಕೇಳಿದರೆ ವಿದ್ಯಾರ್ಥಿಯು ಪಟ್ಟಿಯನ್ನು ಬಾಯಿಪಾಠ ಮಾಡುತ್ತಾನೆಯೇ ಹೊರತು ಲೇಪವನ್ನು ಓದಲು ಕಲಿಯುವುದಿಲ್ಲ.

ಬೋಧನಾ ವಿಧಾನಗಳು

ಪ್ರಾಯೋಗಿಕ ತರಗತಿಯಲ್ಲಿ ಸ್ಲೈಡ್‌ಗಳ ವೀಕ್ಷಣೆ, ಮ್ಯೂಸಿಯಂ ಮಾದರಿಗಳ ಅಧ್ಯಯನ, ರಕ್ತ ಮತ್ತು ಮೂತ್ರ ಪರೀಕ್ಷೆಗಳು ನಡೆಯುತ್ತವೆ. ಸ್ಲೈಡ್‌ನ ಚಿತ್ರವನ್ನು ಬರೆದು ಮುಗಿಸುವ ರೂಢಿಯ ಬದಲು, ಅದೇ ಸ್ಲೈಡ್‌ಗೆ ರೋಗಿಯ ವಯಸ್ಸು, ದೂರು ಮತ್ತು ತಪಾಸಣೆಯ ವಿವರವನ್ನು ಸೇರಿಸಿ ಸಣ್ಣ ಗುಂಪಿನಲ್ಲಿ ಚರ್ಚಿಸುವುದು ಪ್ರಕರಣಾಧಾರಿತ ಕಲಿಕೆ ಎನಿಸುತ್ತದೆ. ಚಿಕಿತ್ಸಾ-ರೋಗಶಾಸ್ತ್ರ ಚರ್ಚಾಕೂಟದಲ್ಲಿ ವೈದ್ಯರು ಲಕ್ಷಣಗಳಿಂದ ರೋಗವನ್ನು ಊಹಿಸಿದ ನಂತರ ರೋಗಶಾಸ್ತ್ರಜ್ಞರು ಅಂಗಾಂಶದ ಉತ್ತರವನ್ನು ಮುಂದಿಡುತ್ತಾರೆ. ಡಿಜಿಟಲ್ ಸ್ಲೈಡ್‌ಗಳಿಂದ ಎಲ್ಲರೂ ಒಂದೇ ಕ್ಷೇತ್ರವನ್ನು ಪರದೆಯ ಮೇಲೆ ನೋಡಲು ಸಾಧ್ಯವಾಗಿದೆ. ಆದರೆ ಸೂಕ್ಷ್ಮದರ್ಶಕವನ್ನು ಬಳಸುವ ಕೈಯಳತೆಗೆ ಅವು ಪರ್ಯಾಯವಲ್ಲ.

ಮೌಲ್ಯಮಾಪನ

2019ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆಗೆ ಎರಡು ಪತ್ರಿಕೆಗಳಿಂದ 200 ಅಂಕಗಳನ್ನೂ ಪ್ರಾಯೋಗಿಕ ಮತ್ತು ಮೌಖಿಕ ಪರೀಕ್ಷೆಗೆ 100 ಅಂಕಗಳನ್ನೂ ನಿಗದಿಪಡಿಸಲಾಯಿತು. ಜಾರ್ಜ್ ಮಿಲ್ಲರ್ 1990ರಲ್ಲಿ ವಿವರಿಸಿದ ಪಿರಮಿಡ್ಡಿನಂತೆ ವೈದ್ಯನ ಸಾಮರ್ಥ್ಯವು ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು ಮತ್ತು ವೃತ್ತಿಯಲ್ಲಿ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳನ್ನು ಹೊಂದಿದೆ. ಲಿಖಿತ ಪತ್ರಿಕೆಯು ಕೆಳಗಿನ ಎರಡನ್ನು ಮಾತ್ರ ಅಳೆಯಬಲ್ಲದು. ಮೂರನೆಯದಕ್ಕೆ ವಸ್ತುನಿಷ್ಠ ರಚನಾತ್ಮಕ ಪ್ರಾಯೋಗಿಕ ಪರೀಕ್ಷೆಯನ್ನು ಬಳಸಲಾಗುತ್ತದೆ. ಇದರಲ್ಲಿ ವಿದ್ಯಾರ್ಥಿಗಳು ನಿಗದಿತ ಸಮಯಕ್ಕೊಮ್ಮೆ ಒಂದು ನಿಲ್ದಾಣದಿಂದ ಮತ್ತೊಂದಕ್ಕೆ ಸಾಗುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ ಮತ್ತು ಒಂದೇ ಅಂಕಪಟ್ಟಿ ಇರುವುದರಿಂದ ಪರೀಕ್ಷಕರ ವೈಯಕ್ತಿಕ ಒಲವಿನ ಪ್ರಭಾವ ಕಡಿಮೆಯಾಗುತ್ತದೆ.

ಸುಧಾರಣೆ ಮತ್ತು ಸವಾಲುಗಳು

ಪಠ್ಯಕ್ರಮದ ಸುಧಾರಣೆಗೆ ವಿದ್ಯಾರ್ಥಿಗಳ ಅಭಿಪ್ರಾಯ, ಆಂತರಿಕ ಪರೀಕ್ಷೆಗಳ ಪ್ರಶ್ನೆವಾರು ವಿಶ್ಲೇಷಣೆ ಮತ್ತು ವಾರ್ಡುಗಳಲ್ಲಿ ಪಾಠ ಹೇಳುವ ಅಧ್ಯಾಪಕರ ಅನುಭವ ಆಧಾರವಾಗುತ್ತವೆ. ಹೆಚ್ಚಿನವರು ತಪ್ಪಾಗಿ ಉತ್ತರಿಸಿದ ಪ್ರಶ್ನೆಯು ದೋಷಪೂರ್ಣ ಪ್ರಶ್ನೆಯನ್ನಾಗಲಿ ಅರ್ಥವಾಗದ ಪಾಠವನ್ನಾಗಲಿ ಸೂಚಿಸಬಹುದು. ಎರಡನ್ನೂ ಮುಂದಿನ ತಂಡ ಬರುವುದರೊಳಗೆ ಸರಿಪಡಿಸುವುದು ಇದರ ಉದ್ದೇಶವಾಗಿದೆ.

ರೋಗನಿದಾನಕ್ಕಾಗಿ ನಡೆಸುವ ಶವಪರೀಕ್ಷೆಗಳು ಪ್ರಪಂಚದಾದ್ಯಂತ ಕಡಿಮೆಯಾಗಿರುವುದರಿಂದ ಹೊಸ ಅಂಗಮಾದರಿಗಳು ದೊರೆಯುವುದು ವಿರಳವಾಗಿದೆ. ಸಣ್ಣ ಗುಂಪಿನ ಬೋಧನೆಗೆ ಹೆಚ್ಚು ಅಧ್ಯಾಪಕರು ಬೇಕು. ಅವರಿಗೆ ಪ್ರಯೋಗಾಲಯದ ವರದಿಗಳನ್ನು ನೀಡುವ ಹೊಣೆಯೂ ಇರುತ್ತದೆ. ಭಾಷೆಯೂ ಒಂದು ತೊಡಕಾಗಿದೆ. ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಓದಿದ ವರದಿಯ ಅರ್ಥವನ್ನು ಉತ್ತರ ಕರ್ನಾಟಕದ ರೋಗಿಗೆ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಗೆಡ್ಡೆಯು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ತಿಳಿಯಾಗಿ, ಸಹಾನುಭೂತಿಯಿಂದ ತಿಳಿಸುವ ಕೌಶಲವು 2019ರ ಪಠ್ಯಕ್ರಮದಲ್ಲಿ ಸೇರಿಸಲಾದ ಮನೋಭಾವ, ನೀತಿ ಮತ್ತು ಸಂವಹನ ಎಂಬ ಭಾಗಕ್ಕೆ ಸಂಬಂಧಿಸಿದೆ.

ಇವನ್ನೂ ನೋಡಿ

• ರೋಗಶಾಸ್ತ್ರ
• ವೈದ್ಯಕೀಯ ಶಿಕ್ಷಣ
• ಬಯಾಪ್ಸಿ