ಅರ್ಧಕ್ಕೆ ನಿಂತ ಏರಿಯಲ್

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ನಮ್ಮ ತುರೋರಿಯ ಮಗ್ಗುಲಲ್ಲೇ ಹೋಗುತ್ತದೆ. ಈ ರಸ್ತೆಯಲ್ಲಿ ಹಳೆಯ ಕಾರು ಬಂದರೆ ಅದರ ಮಡ್‌ಗಾರ್ಡಿನ ಮೇಲೆ ಒಂದು ಬೆಳ್ಳಗಿನ ಕೋಲು ಕಾಣುತ್ತದೆ. ಅದು ರೇಡಿಯೊದ ಏರಿಯಲ್. ಕೆಲವು ಕಾರುಗಳಲ್ಲಿ ರೇಡಿಯೊ ಹಚ್ಚಿದರೆ ಅದು ತಾನಾಗಿ ಏಳುತ್ತದೆ, ಆರಿಸಿದರೆ ಒಳಗೆ ಇಳಿಯುತ್ತದೆ. ವಯಸ್ಸಾದ ಮೇಲೆ ಅರ್ಧಕ್ಕೇ ನಿಂತುಬಿಡುವುದು ಅದರ ಸಾಮಾನ್ಯ ರೋಗ. ಆ ಕೋಲಿನ ಚರಿತ್ರೆಯನ್ನೂ ಆ ರೋಗದ ಮದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಕಾರಿಗೆ ರೇಡಿಯೊ ಬಂದದ್ದು 1930ರ ಸುಮಾರಿಗೆ. ಅಮೆರಿಕದ ಗ್ಯಾಲ್ವಿನ್ ಸಹೋದರರು ಆ ವರ್ಷ ಮೋಟೊರೋಲಾ ಎಂಬ ಹೆಸರಿನ ಕಾರು ರೇಡಿಯೊ ಮಾರಾಟಕ್ಕೆ ತಂದರು. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ತನ್ನದನ್ನು ತಂದಿತು. ಆಗ ಕಾರುಗಳ ಚಾವಣಿಯಲ್ಲಿ ಬಟ್ಟೆ ಇರುತ್ತಿತ್ತು. ಅದರ ಒಳಗೇ ತಂತಿ ಹಾಸಿದರೆ ಕೆಲಸ ನಡೆಯುತ್ತಿತ್ತು. ಪೂರ್ಣ ಉಕ್ಕಿನ ಚಾವಣಿ ಬಂದ ಮೇಲೆ ಅಲೆಗಳಿಗೆ ಅದು ಅಡ್ಡವಾಯಿತು. ಹೀಗಾಗಿ ಏರಿಯಲ್ ಹೊರಗೆ ಬಂದು ಕೋಲಾಯಿತು. 1950ರ ದಶಕದಲ್ಲಿ ವಿದೇಶದ ದೊಡ್ಡ ಕಾರುಗಳಲ್ಲಿ ಅದನ್ನು ಎತ್ತಿ ಇಳಿಸಲು ಮೋಟಾರು ಬಂದಿತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಕೈಯಿಂದ ಎಳೆಯುವ ಕೋಲೇ ಹೆಚ್ಚು. ಹವ್ಯಾಸವಿದ್ದವರು ಮೋಟಾರಿನದನ್ನು ಕೂರಿಸಿಕೊಳ್ಳುತ್ತಿದ್ದರು. ಮನೆಯದಿರಲಿ, ಕಾರಿನದಿರಲಿ, 1933ರ ಕಾಯ್ದೆಯಂತೆ ರೇಡಿಯೊಕ್ಕೆ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟುವ ಆ ಪದ್ಧತಿ 1980ರ ದಶಕದಲ್ಲಿ ನಿಂತಿತು.

ಇಷ್ಟು ಕೋಲಿನ ಮಾತಾಯಿತು. ಅದಕ್ಕೆ ಕೇಳಿಸಿದ್ದೇನು? ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೊ ಇತ್ತು. 1950ರಲ್ಲಿ ಅದು ಭಾರತ ಸರ್ಕಾರದ ಕೈಸೇರಿತು. ಅತ್ತ ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದಿದ್ದರು. ಅದರ ಹೆಸರು ಆಕಾಶವಾಣಿ. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಗೆ ಬಂತು. ಇಂದು ನಮ್ಮೂರಿನ ಮರಾಠಿ ಮನೆಯಲ್ಲೂ ಕನ್ನಡ ಮನೆಯಲ್ಲೂ ಆಡುವುದು ಅದೇ ಶಬ್ದ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಕಡೆ ಹಂಚಿಹೋಯಿತು. ಅಲ್ಲಿಯವರೆಗೆ ನಿಲಂಗಾ, ಉದ್ಗೀರ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಅವೂ ನಮ್ಮ ಉಮರ್ಗಾವೂ ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಹೋದವು. ಕಚೇರಿಯ ಕಾಗದ ಮರಾಠಿಯಾಯಿತು, ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಭೂಪಟದ ಗೆರೆ ಬಾನುಲಿಗೆ ಗೊತ್ತಿಲ್ಲ. ಧಾರವಾಡದ ನಿಲಯ 1950ರಲ್ಲಿ, ಗುಲ್ಬರ್ಗಾದ್ದು 1966ರಲ್ಲಿ ಆರಂಭವಾದವು. ಆ ಕನ್ನಡ ಗೆರೆ ದಾಟಿ ಬರುತ್ತಿತ್ತು. ಆದರೆ ದೂರದಿಂದ ಬರುವುದನ್ನು ಹಿಡಿಯಲು ಒಳ್ಳೆಯ ಏರಿಯಲ್ ಬೇಕು.

ಕಾರಣ ಸರಳ. ಎಫ್‌.ಎಂ. ಅಲೆ ಸುಮಾರು 3 ಮೀಟರ್ ಉದ್ದ. ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್ ಕೋಲು ಅದಕ್ಕೆ ಸರಿಹೋಗುತ್ತದೆ. ಧಾರವಾಡದ 765 ಕಿಲೋಹರ್ಟ್ಸ್‌ನಂಥ ಮಧ್ಯಮ ತರಂಗ 392 ಮೀಟರ್ ಉದ್ದ. ಅದಕ್ಕೆ ಕಾರಿನ ಕೋಲು ಹೇಗೂ ಗಿಡ್ಡವೇ; ಅರ್ಧಕ್ಕೆ ನಿಂತರೆ ಇನ್ನೂ ಕಷ್ಟ. ಹತ್ತಿರದ ನಿಲಯ ಅರ್ಧ ಕೋಲಿಗೂ ಸಿಗುತ್ತದೆ. ಮೊದಲು ಕೈಬಿಡುವುದು ದೂರದ್ದು.

ಇನ್ನು ಮದ್ದು. ಕೋಲು ಒಂದರೊಳಗೊಂದು ಕೂಡುವ ಕೊಳವೆಗಳದು. ಒಳಗೆ ಹಲ್ಲಿರುವ ನೈಲಾನ್ ಹುರಿ. ಕೆಳಗೆ ಮೋಟಾರು ಗೇರಿನ ಮೂಲಕ ಅದನ್ನು ತಳ್ಳುತ್ತದೆ, ಸುತ್ತಿಕೊಳ್ಳುತ್ತದೆ. ನಮ್ಮ ಕರಿಮಣ್ಣಿನ ಧೂಳು, ಒಣಗಿದ ಗ್ರೀಸು, ಮಳೆನೀರು ಕೊಳವೆಯ ನಡುವೆ ಸೇರಿ ಅದನ್ನು ಕಚ್ಚಿ ಹಿಡಿಯುತ್ತವೆ. ಕೋಲನ್ನು ಕೈಯಿಂದ ಜಗ್ಗಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹುರಿಯ ಹಲ್ಲು ಮುರಿದರೆ ಮುಗಿಯಿತು. ಎತ್ತಿದಷ್ಟು ಎತ್ತಿ, ಮೆತ್ತನೆಯ ಅರಿವೆಗೆ ತುಸು ಸೀಮೆಎಣ್ಣೆ ಹಚ್ಚಿ ಪ್ರತಿ ಕೊಳವೆಯನ್ನೂ ಒರೆಸಿ. ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸವರಿ, ಹೆಚ್ಚಾದುದನ್ನು ಒರೆಸಿಬಿಡಿ. ಗ್ರೀಸು ಬೇಡ, ಅದು ಧೂಳನ್ನು ಕರೆಯುತ್ತದೆ. ರೇಡಿಯೊ ಹಚ್ಚಿ ಆರಿಸಿ ನಾಲ್ಕಾರು ಸಲ ಏರಿಳಿಸಿ, ಮತ್ತೆ ಒರೆಸಿ. ಬುಡದ ನೀರು ಹೋಗುವ ಕೊಳವೆ ಕಟ್ಟಿದ್ದರೆ ಬಿಡಿಸಿ. ಬುಡದಲ್ಲಿ ನಾವು ತುಕ್ಕು ಎನ್ನುವುದು, ಮರಾಠಿಯಲ್ಲಿ ಗಂಜ ಎನ್ನುವುದು ಹಿಡಿದಿದ್ದರೆ ಉಜ್ಜಿ ತೆಗೆಯಿರಿ. ಇಲ್ಲವಾದರೆ ಅರ್ಥಿಂಗ್ ಕೆಟ್ಟು ಗರಗರ ಸದ್ದು ಬರುತ್ತದೆ.

ಮೋಟಾರು ತಿರುಗುವ ಸದ್ದಿದ್ದು ಕೋಲು ಅಲುಗದಿದ್ದರೆ ಹುರಿ ಮುರಿದಿರುತ್ತದೆ. ಮೇಲಿನ ನಟ್ಟು ಬಿಚ್ಚಿ, ರೇಡಿಯೊ ಹಚ್ಚಿ, ಹಳೆಯ ಕೋಲನ್ನು ಹುರಿಯ ಸಮೇತ ಹೊರಗೆ ತೆಗೆಯಬೇಕು. ತುಂಡು ಒಳಗೆ ಉಳಿದರೆ ಮೋಟಾರಿನ ಪೆಟ್ಟಿಗೆ ಬಿಚ್ಚಿ ತೆಗೆಯಬೇಕಾಗುತ್ತದೆ. ಹೊಸ ಹುರಿಯ ಹಲ್ಲು ಗೇರಿನ ಕಡೆಗಿರುವಂತೆ ಇಳಿಸಿ, ರೇಡಿಯೊ ಆರಿಸಿದರೆ ಮೋಟಾರೇ ಒಳಗೆ ಎಳೆದುಕೊಳ್ಳುತ್ತದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ.

ಈಗಿನ ಕಾರುಗಳಲ್ಲಿ ಏರಿಯಲ್ ಗಾಜಿನಲ್ಲೋ ಚಾವಣಿಯ ಮೇಲಿನ ಪುಟ್ಟ ರೆಕ್ಕೆಯಲ್ಲೋ ಅಡಗಿದೆ. ಮೊಬೈಲಿನಲ್ಲೂ ಆಕಾಶವಾಣಿ ಸಿಗುತ್ತದೆ. ಆದರೂ ಗಡಿಯಲ್ಲಿರುವ ನಮಗೆ ಹಳೆಯ ಕೋಲಿನ ಪಾಠ ಇಂದಿಗೂ ಬೇಕು. ಸುತ್ತಲಿನ ಮಾತು ಪ್ರಯತ್ನವಿಲ್ಲದೆ ಕಿವಿಗೆ ಬೀಳುತ್ತದೆ. ಅದೂ ನಮ್ಮದೇ, ಬರಲಿ. ಮನೆಯ ಮಾತನ್ನು ಮಾತ್ರ ದಿನವೂ ಆಡಿ, ಓದಿ, ಕೇಳಿ ಇಟ್ಟುಕೊಳ್ಳಬೇಕು. ದಿನವೂ ಏರಿಳಿಯುವ ಕೋಲು ಕಚ್ಚಿಕೊಳ್ಳುವುದು ಕಡಿಮೆ.