ಇಸ್ಪೀಟಿನ ಮೇಜು ಮತ್ತು ಮುಕ್ಕಾಲು ಅಂಗುಲದ ಕಂಬಿ: ಗ್ಯಾಲುಡೆಟ್‌ನ ಹನ್ನೊಂದು ಮಂದಿಯ ಸಮತೋಲದ ಬಗೆಗೆ

ಬಾಹ್ಯಾಕಾಶಯಾನದ ಸಿದ್ಧತೆಗೆಂದು ಅಮೆರಿಕದ ನೌಕಾಪಡೆ ಮತ್ತು ನಾಸಾ ಪ್ರಯೋಗಕ್ಕೆ ಒಳಪಡಿಸಿದ ಗ್ಯಾಲುಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರ ಬಗ್ಗೆ ಬರೆಯುವವರು ಒಂದು ಹಡಗಿನ ಪ್ರಸಂಗವನ್ನು ಹೇಳದೆ ಬಿಡುವುದಿಲ್ಲ. ನೋವಾ ಸ್ಕೋಶಿಯಾದ ಕರಾವಳಿಯಾಚೆ ಕಡಲು ಉಕ್ಕುತ್ತಿತ್ತು. ಪ್ರಯೋಗಕ್ಕೆಂದು ಬಂದ ಕಿವುಡರು ಇಸ್ಪೀಟಾಡುತ್ತ ಆರಾಮವಾಗಿ ಕುಳಿತಿದ್ದರು. ಅವರನ್ನು ಪರೀಕ್ಷಿಸಬೇಕಾದ ವಿಜ್ಞಾನಿಗಳೇ ಕಡಲಬೇನೆ ತಾಳಲಾರದೆ ಪ್ರಯೋಗವನ್ನು ಕೈಬಿಟ್ಟರು. 2017ರಲ್ಲಿ ನಾಸಾ ಪ್ರಕಟಿಸಿದ ಇತಿಹಾಸ ಲೇಖನದಲ್ಲಿ ಈ ಪ್ರಸಂಗವಿದೆ. ಆಮೇಲೆ ಬಂದ ಬರಹಗಳು ಅದನ್ನೇ ಎತ್ತಿಕೊಂಡು ಒಂದು ತೀರ್ಮಾನವನ್ನೂ ಅಂಟಿಸಿವೆ: ಇವರಿಗೆ ಸಮತೋಲದ ಅಂಗವೇ ಇರಲಿಲ್ಲ, ಆದ್ದರಿಂದ ಕೆಡುವುದಕ್ಕೆ ಏನೂ ಇರಲಿಲ್ಲ, ಆದ್ದರಿಂದ ಇವರು ಹುಟ್ಟಾ ಗಗನಯಾತ್ರಿಗಳು.

ಪ್ರಸಂಗ ನಿಜ. ತೀರ್ಮಾನ ತಪ್ಪು. ಆ ತಪ್ಪು ಹನ್ನೊಂದು ಮಂದಿಯ ದೇಹ ಮಾಡಿದ ದೊಡ್ಡ ಕೆಲಸವನ್ನೇ ಕಾಣದಂತೆ ಮಾಡುತ್ತದೆ ಎಂಬುದು ನನ್ನ ತಕರಾರು.

ಈ ಪ್ರಸಂಗಕ್ಕೆ ಪುರಾವೆಯ ಪಟ್ಟ ಕಟ್ಟುವವರು ಒಂದು ಸರಳ ಸಂಗತಿಯನ್ನು ಮರೆಯುತ್ತಾರೆ. ಅದು ಪೂರ್ತಿಯಾಗದೆ ನಿಂತ ಪ್ರಯೋಗ. ಅಲ್ಲಿಂದ ನಮಗೆ ದಕ್ಕಿರುವುದು ಒಂದು ದೃಶ್ಯ ಮಾತ್ರ. ಆ ದೃಶ್ಯದಲ್ಲಿ ಇರುವುದಾದರೂ ಏನು? ಕುಳಿತ ಮನುಷ್ಯ, ಕೆಳಗೆ ಆಸನ, ಕಣ್ಣೆದುರು ಮೇಜು, ಕೈಯಲ್ಲಿ ಎಲೆ. ದೇಹವನ್ನು ನೆಟ್ಟಗೆ ಹಿಡಿಯಲು ಬೇಕಾದ ಮೂರು ಆಸರೆಗಳಲ್ಲಿ (ಒಳಗಿವಿ, ಕಣ್ಣು, ಅಂಗಾಲು-ಕೀಲುಗಳ ಒತ್ತಡದ ಅರಿವು) ಅವರು ಕಳೆದುಕೊಂಡಿದ್ದು ಒಂದನ್ನು. ಉಳಿದೆರಡು ಆ ಹೊತ್ತಿನಲ್ಲೂ ಕೆಲಸ ಮಾಡುತ್ತಿದ್ದವು. ಹೊಟ್ಟೆ ತೊಳಸದಿರುವುದು ಒಂದು ಸಂಗತಿ, ಸಮತೋಲ ಕಾಯುವುದು ಇನ್ನೊಂದು. ಹಡಗು ಮೊದಲನೆಯದಕ್ಕೆ ಸಾಕ್ಷಿ ಹೇಳುತ್ತದೆ. ಎರಡನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎರಡನೆಯದಕ್ಕೆ ಸಾಕ್ಷಿ ಬೇಕಾದವರು ಪೆನ್ಸಕೋಲಾದ ನೌಕಾ ವೈಮಾನಿಕ ವೈದ್ಯಕೀಯ ಶಾಲೆಯ ಕಂಬಿಗಳತ್ತ ನೋಡಬೇಕು. ಈ ಇಡೀ ಸಂಶೋಧನೆಯ ಮುಂದಾಳು ಆ್ಯಶ್ಟನ್ ಗ್ರೇಬೀಲ್. ಅವರು ಆಲ್ಫ್ರೆಡ್ ಫ್ರೆಗ್ಲಿ ಜೊತೆ ಸೇರಿ ಸಮತೋಲವನ್ನು ಅಂಕಿಯಲ್ಲಿ ಅಳೆಯುವ ಪರೀಕ್ಷೆಗಳ ಗುಚ್ಛವೊಂದನ್ನು ರೂಪಿಸಿ 1966ರಲ್ಲಿ ಪ್ರಕಟಿಸಿದರು. ಕಣ್ಣು ತೆರೆದು ನಡೆಯಲು, ನಿಲ್ಲಲು ಮುಕ್ಕಾಲು ಅಂಗುಲ ಅಗಲದ ಕಂಬಿ. ಕಣ್ಣು ಮುಚ್ಚಿ ನಿಲ್ಲಲು ಎರಡೂಕಾಲು ಅಂಗುಲದ್ದು. ಒಳಗಿವಿಯ ಸಮತೋಲ ಅಂಗ ಕೆಲಸ ಮಾಡದವರು ಈ ಕಂಬಿಗಳ ಮೇಲೆ ತೀರ ಹಿಂದೆ ಬಿದ್ದರು. ಕಣ್ಣು ಮುಚ್ಚಿದರಂತೂ ನಿಲ್ಲುವುದೇ ಕಷ್ಟವಾಯಿತು. ಹಡಗನ್ನು ಗೆದ್ದವರನ್ನು ಒಂದು ಕಂಬಿ ಕೆಡವಿತು. ‘ಹುಟ್ಟಾ ಗಗನಯಾತ್ರಿ’ ಎನ್ನುವ ಬರಹಗಳಲ್ಲಿ ಈ ಕಂಬಿಗೆ ಜಾಗವಿಲ್ಲ.

ಇನ್ನು ತಿರುಗುವ ಕೋಣೆ. ನಾಸಾದ ಲೇಖನದ ಪ್ರಕಾರ ನಾಲ್ವರು 20 ಅಡಿಯ ಕೋಣೆಯೊಂದರಲ್ಲಿ ಸತತ 12 ದಿನ ಕಳೆದರು. ಕೋಣೆ ನಿಮಿಷಕ್ಕೆ ಹತ್ತು ಸುತ್ತಿನಂತೆ, ಎಂದರೆ ಆರು ಸೆಕೆಂಡಿಗೊಂದು ಸುತ್ತಿನಂತೆ, ತಿರುಗುತ್ತಲೇ ಇತ್ತು. ಓದುಗರು ಇಲ್ಲಿ ಬೆರಗಾಗಿ ನಿಲ್ಲುತ್ತಾರೆ. ಆದರೆ 1965ರಲ್ಲಿ ಗ್ರೇಬೀಲ್ ಮತ್ತು ಸಂಗಡಿಗರು ಪ್ರಕಟಿಸಿದ ದೀರ್ಘ ಪ್ರಬಂಧದ ಶೀರ್ಷಿಕೆಯಲ್ಲೇ ಬೇರೆ ನಾಲ್ವರಿದ್ದಾರೆ: ಅದೇ ಹತ್ತು ಸುತ್ತು, ಅದೇ 12 ದಿನ, ಆದರೆ ನಾಲ್ವರು ವಿಮಾನ ಚಾಲಕರು. ಅದೇ ವರ್ಷ ಫ್ರೆಗ್ಲಿ ಮತ್ತು ರಾಬರ್ಟ್ ಕೆನಡಿ ಹತ್ತು ಸುತ್ತಿನ ದೀರ್ಘ ತಿರುಗಾಟವು ಸಮತೋಲದ ಅಂಗ ಕೆಲಸ ಮಾಡುವ, ಮಾಡದ ಎರಡೂ ಬಗೆಯವರ ನಿಲುವಿನ ಮೇಲೆ ಮಾಡುವ ಪರಿಣಾಮವನ್ನು ಅಕ್ಕಪಕ್ಕದಲ್ಲಿಟ್ಟು ಬರೆದರು. ಎಂದರೆ ಪ್ರಯೋಗದ ಜೀವ ಇದ್ದದ್ದೇ ಹೋಲಿಕೆಯಲ್ಲಿ. ತಕ್ಕಡಿಯ ಒಂದು ತಟ್ಟೆಯನ್ನು ಬಚ್ಚಿಟ್ಟು ಇನ್ನೊಂದರ ತೂಕ ಹೇಳುವುದು ಇತಿಹಾಸ ಬರೆಯುವ ಕ್ರಮವಲ್ಲ.

ಆ ಬಚ್ಚಿಟ್ಟ ತಟ್ಟೆಯಲ್ಲಿ ಏನಿದೆ? ತಿರುಗುವ ಕೋಣೆಯಲ್ಲಿ ಅಲುಗಾಡದೆ ಕುಳಿತವನಿಗೆ ಹೆಚ್ಚು ತೊಂದರೆಯಿಲ್ಲ. ಬಿದ್ದ ಚಮಚವನ್ನು ಎತ್ತಿಕೊಳ್ಳಲು ತಲೆ ಬಗ್ಗಿಸಿದ ಕ್ಷಣ ಒಳಗಿವಿಯ ಅರ್ಧವೃತ್ತ ನಾಳಗಳು ದೇಹ ಬೇರೊಂದು ದಿಕ್ಕಿಗೆ ಉರುಳುತ್ತಿದೆಯೆಂದು ಹುಯ್ಯಲಿಡುತ್ತವೆ. ಗೋಡೆಗಳೂ ತನ್ನೊಂದಿಗೇ ತಿರುಗುತ್ತಿರುವುದರಿಂದ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಜಗಳದಿಂದಲೇ ಬವಳಿ, ವಾಂತಿ. ಸಮತೋಲದ ಅಂಗ ಗಟ್ಟಿಯಾಗಿರುವವರು ಮೊದಲ ದಿನಗಳಲ್ಲಿ ಇದನ್ನು ಅನುಭವಿಸಿ, ತಲೆಯಾಡಿಸುತ್ತಲೇ ಓಡಾಡುತ್ತ, ದಿನಗಳು ಕಳೆದಂತೆ ಹೊಂದಿಕೊಂಡರು. ಕೋಣೆ ನಿಂತ ಮೇಲೆ ಅದೇ ಗೊಂದಲ ತಿರುವುಮುರುವಾಗಿ ಕಾಡಿತು. ಹೊಂದಿಕೊಂಡ ದೇಹಕ್ಕೆ ಈಗ ನಿಂತ ನೆಲವೇ ಹೊಸದು. ಮುಂದಿನ ಪ್ರಯೋಗಗಳಲ್ಲಿ ಕೋಣೆಯ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ತಲೆಯ ಚಲನೆಗಳನ್ನು ಮಾಡಿಸಿದಾಗ, ವಾಂತಿಯ ಹಂತ ಮುಟ್ಟದೆಯೇ ಹತ್ತು ಸುತ್ತನ್ನು ತಲುಪಬಹುದೆಂದು ಗ್ರೇಬೀಲ್ ತಂಡ ತೋರಿಸಿತು. ಹೊಂದಾಣಿಕೆ ಒಂದು ಸಾಧನೆ. ಅದಕ್ಕೆ ದಿನಗಳೂ ಬೇಕು, ಅಭ್ಯಾಸವೂ ಬೇಕು.

  

ಈಗ ಮತ್ತೆ ಹನ್ನೊಂದು ಮಂದಿಯತ್ತ. ಅವರು 25ರಿಂದ 48ರ ವಯಸ್ಸಿನವರು. ಹತ್ತು ಮಂದಿಗೆ ಚಿಕ್ಕಂದಿನಲ್ಲಿ ಬಂದ ಮೆನಿಂಜೈಟಿಸ್ ಕಿವಿಯನ್ನೂ ಸಮತೋಲದ ಅಂಗವನ್ನೂ ಕಿತ್ತುಕೊಂಡಿತ್ತು. ಪೆನ್ಸಕೋಲಾಕ್ಕೆ ಬರುವ ಹೊತ್ತಿಗೆ ಉಳಿದೆರಡು ಆಸರೆಗಳ ಮೇಲೆ ನಡೆಯುವುದನ್ನು ಅವರು ಎಷ್ಟೋ ವರ್ಷ ಅಭ್ಯಾಸ ಮಾಡಿದ್ದರು. ಇದನ್ನು ಊಹೆ ಎನ್ನುವವರಿಗೆ ನಾನು 1882ರ ಒಂದು ಪ್ರಬಂಧವನ್ನು ತೋರಿಸುತ್ತೇನೆ. ವಿಲಿಯಂ ಜೇಮ್ಸ್ ಅವರನ್ನು ಮನಶ್ಶಾಸ್ತ್ರಜ್ಞರೆಂದು ಓದುವವರು ಕಿವುಡರ ತಲೆಸುತ್ತಿನ ಬಗ್ಗೆ ಅವರು ಬರೆದ ಈ ಬರಹವನ್ನು ದಾಟಿ ಹೋಗುತ್ತಾರೆ. ಬಾಹ್ಯಾಕಾಶದ ಇತಿಹಾಸಕಾರರು ಅಷ್ಟು ಹಿಂದಕ್ಕೆ ಬರುವುದೇ ಇಲ್ಲ.

ಜೇಮ್ಸ್ 519 ಕಿವುಡರನ್ನು ಬುಗುರಿಯಂತೆ ತಿರುಗಿಸಿ ಕಂಡದ್ದಿದು: 186 ಮಂದಿಗೆ ತಲೆ ಸುತ್ತಲೇ ಇಲ್ಲ, 134 ಮಂದಿಗೆ ಅಲ್ಪಸ್ವಲ್ಪ, 199 ಮಂದಿಗೆ ಎಲ್ಲರಂತೆಯೇ ಅಥವಾ ತುಸು ಹೆಚ್ಚು. ಹಾರ್ವರ್ಡ್‌ನ ಸುಮಾರು 200 ವಿದ್ಯಾರ್ಥಿ-ಅಧ್ಯಾಪಕರಲ್ಲಿ ತಲೆ ಸುತ್ತದವನು ಒಬ್ಬನೇ. ‘ಕಿವುಡರಿಗೆ ತಲೆ ಸುತ್ತದು’ ಎಂದು ಒಂದೇ ಉಸಿರಿಗೆ ಬರೆಯುವವರು ಆ 199ರ ಅಂಕಿಯನ್ನು ದಯವಿಟ್ಟು ಗಮನಿಸಬೇಕು. ಕಿವುಡು ಬೇರೆ, ಸಮತೋಲದ ಅಂಗದ ನಷ್ಟ ಬೇರೆ. ಒಂದು ಇದ್ದಲ್ಲೆಲ್ಲ ಇನ್ನೊಂದು ಇರಲೇಬೇಕೆಂದಿಲ್ಲ.

ಆದರೆ ನನ್ನ ವಾದಕ್ಕೆ ಬೇಕಾದ ಸಾಲುಗಳು ಅಂಕಿಗಳಾಚೆ ಇವೆ. ನೀರಿನಲ್ಲಿ ಮುಳುಗಿದಾಗ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯದೆ ಕಂಗಾಲಾದ ಕಿವುಡರ ಅನುಭವವನ್ನು ಜೇಮ್ಸ್ ದಾಖಲಿಸಿದ್ದಾರೆ. ನೀರೊಳಗೆ ಕಣ್ಣಿಗೆ ಹಿಡಿತ ಸಿಗದು, ಅಂಗಾಲಿಗೆ ನೆಲ ತಾಕದು. ಎರಡು ಆಸರೆಗಳೂ ಒಮ್ಮೆಲೇ ಜಾರಿದಾಗ ಮಾತ್ರ ಮೂರನೆಯದರ ನಷ್ಟ ಬಯಲಾಯಿತು. ಸಮತೋಲವೇ ಇಲ್ಲದ ದೇಹವಾಗಿದ್ದರೆ ನೆಲದ ಮೇಲೂ ಹಾಗೇ ಆಗಬೇಕಿತ್ತು. ನೆಲದ ಮೇಲೆ ಅವರು ಸರಾಗವಾಗಿ ನಡೆಯುತ್ತಿದ್ದರು. ಆದ್ದರಿಂದ ಅವರಲ್ಲಿ ಸಮತೋಲವಿತ್ತು, ಬೇರೆ ಕಂಬಗಳ ಮೇಲೆ ಕಟ್ಟಿಕೊಂಡ ಸಮತೋಲ.

ಆ ಕಟ್ಟಡ ತಾನೇ ಎದ್ದು ನಿಂತದ್ದಲ್ಲ ಎಂಬುದಕ್ಕೆ ಜಾನ್ ಕ್ರಾಫರ್ಡ್ ಸಾಕ್ಷಿ. ವೈದ್ಯರಾಗಿದ್ದ ಅವರ ಒಳಗಿವಿಯನ್ನು ಸ್ಟ್ರೆಪ್ಟೊಮೈಸಿನ್ ದೊಡ್ಡ ವಯಸ್ಸಿನಲ್ಲಿ ಹಾಳುಮಾಡಿತು. ಓದಬೇಕೆಂದರೆ ತಲೆಯನ್ನು ಮಂಚದ ಸರಳುಗಳ ನಡುವೆ ಒತ್ತಿ ಹಿಡಿಯಬೇಕಿತ್ತು, ನಾಡಿಯ ಬಡಿತಕ್ಕೇ ಅಕ್ಷರಗಳು ಕುಣಿಯುತ್ತಿದ್ದವು ಎಂದು ಅವರು 1952ರಲ್ಲಿ ಬರೆದರು. ಇದೂ ಅದೇ ನಷ್ಟವೇ. ಅಂಗ ಇಲ್ಲದಿರುವುದೇ ವರವಾಗಿದ್ದರೆ ಕ್ರಾಫರ್ಡ್ ಮಂಚದ ಸರಳು ಹಿಡಿಯಬೇಕಿರಲಿಲ್ಲ. ಎರಡು ಸ್ಥಿತಿಗಳ ನಡುವೆ ಇರುವುದು ಕಲಿಕೆಯ ವರ್ಷಗಳು. (ಎಳೆಯ ಮೆದುಳು ಬೇಗ ಬಾಗುತ್ತದೆ ಎಂಬ ಆಕ್ಷೇಪ ನ್ಯಾಯವೇ. ಅದು ಕಲಿಕೆಯ ವೇಗವನ್ನು ವಿವರಿಸುತ್ತದೆ, ಕಲಿಕೆಯನ್ನು ಅಲ್ಲಗಳೆಯುವುದಿಲ್ಲ.) 1940ರ ದಶಕದಲ್ಲಿ ಕಾತಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ಇಂಗ್ಲೆಂಡಿನಲ್ಲಿ ರೂಪಿಸಿದ ವ್ಯಾಯಾಮಗಳ ತಳಹದಿಯೂ ಇದೇ. ತಲೆ ಸುತ್ತುವ ರೋಗಿಯನ್ನು ಮಲಗಿಸಿಡದೆ, ತಲೆಸುತ್ತು ತರಿಸುವ ಚಲನೆಗಳನ್ನೇ ಮೊದಲು ಮಲಗಿ, ಆಮೇಲೆ ಕುಳಿತು, ನಿಂತು, ಕೊನೆಗೆ ಕಣ್ಣು ಮುಚ್ಚಿ ನಡೆದು ಮಾಡಿಸುವುದು.

ಹೀಗೆ ನೋಡಿದರೆ ಪೆನ್ಸಕೋಲಾದ ಹೋಲಿಕೆಗೆ ಬೇರೆಯೇ ಅರ್ಥ ಬರುತ್ತದೆ. ವಿಮಾನ ಚಾಲಕರಲ್ಲಿ ಗ್ರೇಬೀಲ್ ಅಳೆದದ್ದು ಹೊಂದಾಣಿಕೆಯ ಮೊದಲ 12 ದಿನಗಳನ್ನು. ಕಿವುಡರಲ್ಲಿ ಅವರ ಕಣ್ಣಿಗೆ ಬಿದ್ದದ್ದು ದಶಕಗಳ ಹಿಂದೆಯೇ ಮುಗಿದಿದ್ದ ಹೊಂದಾಣಿಕೆಯ ಫಲ. ಹೊಟ್ಟೆ ತೊಳಸದಿರುವುದಕ್ಕೆ ಅಂಗದ ನಷ್ಟವೇ ಕಾರಣ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಹನ್ನೊಂದು ಮಂದಿಯಲ್ಲೊಬ್ಬರಾದ ಜೆರಾಲ್ಡ್ ಜೋರ್ಡನ್ 1971ರಿಂದ 1995ರವರೆಗೆ ಕಿವುಡರ ಅಂತರರಾಷ್ಟ್ರೀಯ ಕ್ರೀಡಾ ಸಂಘಟನೆಯನ್ನು ಮುನ್ನಡೆಸಿದರು. ಓಡುವ, ಜಿಗಿಯುವ, ಚೆಂಡು ಹಿಡಿಯುವ ಕಿವುಡರ ನಡುವೆ ಬದುಕಿದ ಅಂಥವರನ್ನು ‘ಸಮತೋಲವಿಲ್ಲದವರು’ ಎಂದು ಕರೆಯುವಾಗ ಲೇಖನಿ ತಡೆಯಬೇಕು.

ಇಸ್ಪೀಟಿನ ಮೇಜನ್ನು ಇತಿಹಾಸದಿಂದ ಎತ್ತಿ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಆ ಮುಕ್ಕಾಲು ಅಂಗುಲದ ಕಂಬಿಯನ್ನೂ ಇಡಿ. ಮೇಜು ಅವರಿಗೆ ಏನು ತಟ್ಟಲಿಲ್ಲ ಎಂಬುದನ್ನು ತೋರಿಸುತ್ತದೆ. ಅವರು ಪ್ರತಿ ಹೆಜ್ಜೆಗೂ ಏನನ್ನು ನೆಚ್ಚಿ ನಡೆದರು ಎಂಬುದು ತಿಳಿಯುವುದು ಕಂಬಿಯಿಂದ.